ನಾಲ್ಕನೆಯ ಗದ್ದೆಯ ಗಂಡಿ

"ಕಳೆದಷ್ಟೂ ಹೆಚ್ಚಾಗುವ ಲೆಕ್ಕ ಯಾವುದು ಗುರುಗಳೇ?" ಎಂದು ಹಂಪಯ್ಯ ಕೇಳಿದ.

ಹಂಪಯ್ಯ ಒಬ್ಬ ಪಾಳೆಯಗಾರ ದೊರೆಯ ಸಂಸ್ಥಾನದಲ್ಲಿ ಪಾರುಪತ್ತೇಗಾರ. ಅಪ್ಪಣೆ ಕೊಡುವ ಮುಂಚೆ ದೊರೆ ಒಮ್ಮೆ ಇವನ ಮುಖ ನೋಡುತ್ತಿದ್ದರು. ಇವನು ತಲೆಯಾಡಿಸಿದರೆ ಅಪ್ಪಣೆ ಹೊರಡುತ್ತಿತ್ತು. ಅಂಥವನು ಕುದುರೆಯನ್ನೂ ಬಿಟ್ಟು, ಮೂರು ಹರದಾರಿ ನಡೆದು ಕಲ್ಮಠಕ್ಕೆ ಬಂದು, ಚಿಕ್ಕಂದಿನಲ್ಲಿ ತನಗೆ ಅಕ್ಷರ ಕಲಿಸಿದ ನಿರ್ವಾಣಯ್ಯನವರ ಎದುರು ಬರಿ ನೆಲದ ಮೇಲೆ ಕೂತಿದ್ದ. ನಿರ್ವಾಣಯ್ಯನವರು ಅವರೆಕಾಯಿ ಸುಲಿಯುತ್ತಿದ್ದರು.

"ಹೋದ ವರ್ಷದ ಹಿಂದಿನ ವರ್ಷ ನಮ್ಮ ಗುಡ್ಡದಲ್ಲಿ ದಂಗೆ ಎದ್ದವರು ಏಳು ಜನ. ಐವರನ್ನು ಹಿಡಿದೆವು. ಉಳಿಯಬೇಕಾದವರು ಇಬ್ಬರು. ಮಳೆಗಾಲ ಮುಗಿಯುವುದರೊಳಗೆ ಅವರು ನಲವತ್ತಾದರು. ಇಪ್ಪತ್ತು ಜನರನ್ನು ಹಿಡಿದೆವು. ಈಗ ಎಣಿಸಲು ಹೋದವನೇ ಹಿಂದಿರುಗುತ್ತಿಲ್ಲ. ದಂಗೆ ಬೆಳೆಯುವುದು ಹೇಗೆ ಗುರುಗಳೇ? ಇಷ್ಟು ಬಡಿದರೂ ಅದು ಅಡಗುವುದಿಲ್ಲ ಏಕೆ?"

"ಮದ್ದುಗುಂಡು ಸಾಲದೇ?"

"ಬೇಕಾದಷ್ಟಿದೆ."

"ಆಳುಗಳು?"

"ಅವರಿಗೆ ಹೊತ್ತುಹೊತ್ತಿಗೆ ಅನ್ನ ಹಾಕುವುದೇ ಒಂದು ಯುದ್ಧವಾಗಿದೆ."

ನಿರ್ವಾಣಯ್ಯನವರು ನಕ್ಕರು. "ಹಾಗಾದರೆ ಒಬ್ಬ ನೀರುಗಂಟಿಯ ಕತೆ ಹೇಳುತ್ತೇನೆ ಕೇಳು. ಅವನ ಕೈಯಲ್ಲಿ ಕತ್ತಿ ಇರಲಿಲ್ಲ, ಗುದ್ದಲಿ ಇತ್ತು" ಎಂದು ಶುರುಮಾಡಿದರು.

ಒಂದು ಊರು. ಊರಿಗೊಂದು ಕೆರೆ, ಕೆರೆಯ ಕೆಳಗೆ ಭತ್ತದ ಗದ್ದೆ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು ನೀರುಗಂಟಿ.

ಆ ಊರಿನಲ್ಲಿ ಗದ್ದೆಗೊಂದು ಕಾಲುವೆ ಇರಲಿಲ್ಲ. ತೂಬಿನಿಂದ ಹೊರಟ ನೀರು ಮೊದಲನೆಯ ಗದ್ದೆಗೆ ಬೀಳಬೇಕು. ಅದು ತುಂಬಿ, ಬದುವಿನಲ್ಲಿ ಬಿಟ್ಟ ಗಂಡಿಯಿಂದ ಎರಡನೆಯದಕ್ಕೆ ಇಳಿಯಬೇಕು. ಎರಡನೆಯದರಿಂದ ಮೂರನೆಯದಕ್ಕೆ. ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿದು ಹದಿಮೂರನೆಯದಾದ ಕೊನೆಗದ್ದೆಯಲ್ಲಿ ನಿಲ್ಲಬೇಕು. ಮೇಲಿನವನು ಕುಡಿದು ಬಿಟ್ಟದ್ದೇ ಕೆಳಗಿನವನ ಪಾಲು. ಅದನ್ನು ಎಂಜಲು ಎಂದು ಯಾರೂ ಅಂದುಕೊಂಡಿರಲಿಲ್ಲ.

ಅಲ್ಲಿ ಒಂದು ಕಟ್ಟಳೆ ಇತ್ತು. ಗಂಡಿಯನ್ನು ನೀರುಗಂಟಿಯ ಕೈ ಬಿಟ್ಟು ಇನ್ನೊಂದು ಕೈ ಮುಟ್ಟಬಾರದು. ಗದ್ದೆ ನಿನ್ನದೇ ಇರಲಿ, ಪೈರು ಕಣ್ಣೆದುರಿಗೆ ಬಾಡುತ್ತಿರಲಿ, ಗಂಡಿಯ ಮುಂದೆ ಕೂತು ಅಳಬಹುದೇ ಹೊರತು ಒಂದು ಹಿಡಿ ಮಣ್ಣು ತೆಗೆಯುವ ಹಾಗಿಲ್ಲ. ಇದಕ್ಕೆ ಕಾವಲಿರಲಿಲ್ಲ, ದಂಡವಿರಲಿಲ್ಲ. ಯಾರ ಮುತ್ತಜ್ಜ ಮಾಡಿದ ಕಟ್ಟಳೆಯೋ, ಅದೂ ಗೊತ್ತಿರಲಿಲ್ಲ. ನೀರುಗಂಟಿಗೆ ಸ್ವಂತ ಗದ್ದೆ ಇರಬಾರದು ಎನ್ನುವುದು ಕಟ್ಟಳೆಯ ಇನ್ನರ್ಧ. ಸುಗ್ಗಿಯಲ್ಲಿ ಒಂದೊಂದು ಗದ್ದೆಯವರು ಅವನಿಗೆ ಒಂದೊಂದು ಕಂತೆ ಪೈರು ಕೊಡುತ್ತಿದ್ದರು. ಅಷ್ಟರಲ್ಲೇ ಅವನ ಸಂಸಾರ.

ನಮ್ಮ ನೀರುಗಂಟಿ ಮೂವತ್ತು ವರ್ಷ ಈ ಕೆಲಸ ಮಾಡಿದ್ದ. ಒಬ್ಬರಿಂದಲೂ ಒಂದು ಮಾತು ಕೇಳಿರಲಿಲ್ಲ. ಮಗಳ ಮದುವೆಯ ಕಾಲಕ್ಕೆ ಮೊದಲನೆಯ ಗದ್ದೆಯ ಮನೆಯವರೂ ಕೇಳಿಕೊಂಡು ಬಂದಿದ್ದರು, ಕೊನೆಗದ್ದೆಯವರೂ ಬಂದಿದ್ದರು. ಅವನು ಕೊನೆಗದ್ದೆಯ ಮನೆಗೆ ಕೊಟ್ಟ. ಹನ್ನೆರಡು ಗದ್ದೆ ಕುಡಿದ ಮೇಲೆ ತಾನೇ ಇವನ ಮಗಳ ಗದ್ದೆ ಕುಡಿಯಬೇಕು, ಇನ್ನು ಮೋಸ ಎಲ್ಲಿಂದ ಬಂತು ಎಂದು ಊರು ಮೆಚ್ಚಿತು. ಆ ಮೆಚ್ಚುಗೆ ಅವನಿಗೆ ರುಚಿಸಿತು. ಕೆರೆ ಏರಿಯ ಮೇಲೆ ಗುದ್ದಲಿ ಹೆಗಲಿಗೇರಿಸಿಕೊಂಡು ನಡೆಯುವಾಗ ಅವನ ಬೆನ್ನು ತುಸು ನೆಟ್ಟಗಾಗುತ್ತಿತ್ತು. ತಪ್ಪೇನಲ್ಲ. ನೆಟ್ಟಗಾದ ಬೆನ್ನನ್ನು ಹಾಗೆಯೇ ಇಟ್ಟುಕೊಳ್ಳುವುದು ಕಷ್ಟ, ಅಷ್ಟೇ.

ನಾಲ್ಕನೆಯ ಗದ್ದೆಯ ರೈತ ಜಗಳಗಂಟ. ಬದು ಒತ್ತುವುದು, ದಾರಿಗೆ ಮುಳ್ಳು ಹಾಕುವುದು, ಪಂಚಾಯಿತಿಯಲ್ಲಿ ಪಂಚರನ್ನೇ ಬೈಯುವುದು. ಅವನಿಗೂ ಊರಿಗೂ ಎಣ್ಣೆ ಸೀಗೇಕಾಯಿ. ಸುಗ್ಗಿಯಲ್ಲಿ ನೀರುಗಂಟಿಗೆ ಅವನು ಕೊಡುತ್ತಿದ್ದ ಕಂತೆಯಲ್ಲಿ ಅರ್ಧ ಜೊಳ್ಳು. "ಇದೇನಪ್ಪ" ಎಂದರೆ, "ನೀರು ಹರಿಸೋದಕ್ಕೆ ನೀನ್ಯಾಕೆ, ಇಳಿಜಾರು ಸಾಲದಾ?" ಎನ್ನುತ್ತಿದ್ದ. ಊರಿನವರು ನಗುತ್ತಿದ್ದರು. ನೀರುಗಂಟಿಯೂ ನಗುತ್ತಿದ್ದ. ಆ ಮಾತು ಮಾತ್ರ ಕಾಲಿನ ಮುಳ್ಳಿನ ಹಾಗೆ ಒಳಗೆ ಉಳಿಯಿತು.

ಆ ಊರಿಗೆ ಒಬ್ಬ ಹೊಸ ಠಾಣೆದಾರ ಬಂದ. ಬಾವಿಸೀಮೆಯವನು. ಅವನ ಕಡೆ ಒಬ್ಬೊಬ್ಬನಿಗೆ ಒಂದೊಂದು ಬಾವಿ, ಒಂದೊಂದು ಜೊತೆ ಎತ್ತು. ಅವನವನ ನೀರು ಅವನವನ ಹೊಲಕ್ಕೆ. ಕೆಟ್ಟವನಲ್ಲ, ಆದರೆ ಕುದುರೆಯ ಮೇಲೆ ಪ್ರಾಣ. ಒಂದು ದಿನ ಆ ಕುದುರೆ ಹಗ್ಗ ಕಿತ್ತುಕೊಂಡು ಹೋಗಿ ಜಗಳಗಂಟ ರೈತನ ಪೈರು ಮೇಯಿತು. ರೈತ ಕೋಲು ತೆಗೆದು ಕುದುರೆಗೆ ಬಾರಿಸಿದ. ಠಾಣೆದಾರ ಅವನನ್ನು ಹಿಡಿಸಿ, ಕುದುರೆಯ ಜೀನನ್ನು ಅವನ ಬೆನ್ನಿಗೆ ಬಿಗಿಸಿ, ಕೆರೆ ಏರಿಯ ಈ ತುದಿಯಿಂದ ಆ ತುದಿಗೆ ನಡೆಸಿದ. ಊರೆಲ್ಲ ನೋಡಿತು. ಎಷ್ಟೋ ಜನ ನಕ್ಕರು. ನೀರುಗಂಟಿಯೂ ಬಾಯಿಗೆ ಹೆಗಲ ವಸ್ತ್ರ ಅಡ್ಡ ಹಿಡಿದು ನಕ್ಕ.

ಸಂಜೆಗೆ ಆ ರೈತ ತಮ್ಮನನ್ನೂ ಭಾವಮೈದುನನನ್ನೂ ಕರೆದುಕೊಂಡು ಗುಡ್ಡ ಹತ್ತಿದ. ಮೂರು ಜನ. ಎಂಟು ದಿನ ಕಳೆಯಿತು, ಠಾಣೆದಾರನ ಕುದುರೆ ಕಾಣೆಯಾಯಿತು.

ಕೇಳು ಹಂಪಯ್ಯ, ಆ ಹೊತ್ತಿಗೆ ಊರಿನಲ್ಲಿ ಅವನ ಪರವಾಗಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಪೀಡೆ ತೊಲಗಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಒಬ್ಬ ಕುರಿಗಾಹಿ, ಕೇಳದಿದ್ದರೂ ತಾನಾಗಿ ಬಂದು, ಸಿಪಾಯಿಗಳಿಗೆ ಗುಡ್ಡದ ದಾರಿ ತೋರಿಸಿದ. ಸಿಪಾಯಿಗಳಿಗೆ ಗುಡ್ಡ ಹತ್ತಿ ಅಭ್ಯಾಸವಿಲ್ಲ, ಏದುಸಿರು ಬಿಡುತ್ತಾ ಬರಿಗೈಯಲ್ಲಿ ಇಳಿದು ಬಂದರು. ಠಾಣೆದಾರ ಅಷ್ಟಕ್ಕೇ ಬಿಟ್ಟಿದ್ದರೆ ನಾಲ್ಕು ಮಳೆ ಬೀಳುವಷ್ಟರಲ್ಲಿ ಮೂವರೂ ಕೆಮ್ಮುತ್ತಾ ತಾವೇ ಇಳಿದು ಬರುತ್ತಿದ್ದರು ಎಂದು ಆಮೇಲೆ ಊರಿನ ಮುದುಕರು ಹೇಳುತ್ತಿದ್ದರು.

ಆದರೆ ಕುದುರೆ ಹೋಗಿತ್ತು. ಗುಡ್ಡದವರನ್ನು ಅಡಗಿಸು ಎಂದು ದೊರೆಯಿಂದ ಕಾಗದವೂ ಬಂದಿತ್ತು. ಠಾಣೆದಾರ ನೀರುಗಂಟಿಗೆ ಹೇಳಿಕಳಿಸಿದ.

ನೀರುಗಂಟಿ ಹೋಗಿ ಜಗಲಿಯ ಕೆಳಗೆ ನಿಂತ. ಅಲ್ಲಿ ಊರಗೌಡರೂ ನಿಂತಿದ್ದರು, ಪಂಚರೂ ನಿಂತಿದ್ದರು.

"ಮೇಲೆ ಬಾರಯ್ಯ" ಎಂದ ಠಾಣೆದಾರ. "ಕೂತುಕೋ. ಎಲೆ ಹಾಕಿಕೋ."

ಗೌಡರು ನಿಂತಿರುವಾಗ ಇವನು ಕೂತ. ಹುಟ್ಟಿದಾಗಿನಿಂದ ಅದೇ ಮೊದಲು. ತಟ್ಟೆಯಿಂದ ಎಲೆ ತೆಗೆದು, ಗೌಡರಿಗೆ ಕಾಣುವ ಹಾಗೆ ನಿಧಾನವಾಗಿ ಸುಣ್ಣ ಸವರಿ ಬಾಯಿಗಿಟ್ಟ.

"ಆ ಕಳ್ಳನ ಗದ್ದೆಗೆ ನೀರು ನಿಲ್ಲಿಸಬಹುದೇನು?"

ಕೇಳಿದ್ದು ಅಷ್ಟೇ. ಅವನ ಸೀಮೆಯಲ್ಲಿ ಒಬ್ಬನ ನೀರು ನಿಲ್ಲಿಸಬೇಕಾದರೆ ಒಬ್ಬನ ಎತ್ತು ಬಿಚ್ಚಿದರೆ ಆಯಿತು. ಇಲ್ಲೂ ಹಾಗೇ ಎಂದುಕೊಂಡಿದ್ದ. ತಿಳಿಯದವನು ತಿಳಿದವನನ್ನು ಕರೆದು ಕೇಳಿದ್ದ, ಅದು ಅವನ ದೊಡ್ಡತನವೇ.

ನೀರುಗಂಟಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅದರ ಕೆಳಗೆ ಇನ್ನೂ ಒಂಬತ್ತು ಗದ್ದೆ ಇವೆ ಬುದ್ಧೀ. ಇಷ್ಟೇ ಮಾತು. ಬಾಯಲ್ಲಿ ಎಲೆ ಇತ್ತು. ಕೆಳಗೆ ನಿಂತ ಗೌಡರು ಇವನನ್ನೇ ನೋಡುತ್ತಿದ್ದರು. ಆಗುವುದಿಲ್ಲ ಎಂದರೆ ಇಂಥವನನ್ನು ಯಾಕೆ ಕೂರಿಸಿದೆನೋ ಎಂದು ಠಾಣೆದಾರರು ಅಂದುಕೊಂಡಾರು. ಜೊತೆಗೆ ಆ ಜೊಳ್ಳಿನ ಕಂತೆ. ಇಳಿಜಾರು ಸಾಲದಾ ಎಂದಿದ್ದನಲ್ಲ, ಇಳಿಜಾರಿನ ಮೇಲೂ ಒಬ್ಬ ಇದ್ದಾನೆ ಎಂದು ಈಗ ತಿಳಿಯಲಿ.

"ನಿಲ್ಲಿಸಬಹುದು ಬುದ್ಧೀ. ಎರಡು ಗುದ್ದಲಿ ಮಣ್ಣಿನ ಕೆಲಸ."

"ಭೇಷ್" ಎಂದ ಠಾಣೆದಾರ.

ಭತ್ತ ಹೊಡೆಯಾಗಿ ತೆನೆ ಬಿಡುವ ಕಾಲ, ನೀರು ತಪ್ಪಬಾರದ ಕಾಲ. ನೀರುಗಂಟಿ ಮೂರನೆಯ ಗದ್ದೆಯ ಬದುವಿನಲ್ಲಿ ಬಗ್ಗಿ ನಾಲ್ಕನೆಯದರ ಗಂಡಿಗೆ ಮಣ್ಣು ಹಾಕಿ ತುಳಿದ. ನಾಲ್ಕು ದಿನಕ್ಕೆ ಐದನೆಯ ಗದ್ದೆಯ ರೈತ ಏರಿಯ ಮೇಲೆ ಎದುರಾದ. ಸಾಧು ಮನುಷ್ಯ, ಮಾತು ಕಡಿಮೆ.

"ಏನಣ್ಣ, ನೀರು ಇಳೀತಾ ಇಲ್ಲವಲ್ಲ?"

"ಠಾಣೆದಾರರ ಅಪ್ಪಣೆ ಕಣಪ್ಪ. ಮೇಲಿನವನಿಗೆ ಬುದ್ಧಿ ಬರಲಿ ಅಂತ."

"ಅವನಿಗೆ ಬುದ್ಧಿ ಬರೋಕೆ ನನ್ನ ಪೈರು ಯಾಕೆ ಸಾಯಬೇಕು?"

"ನಾನೇನು ಮಾಡಲಿ, ಹೇಳಿದ್ದು ಮಾಡೋನು."

"ಠಾಣೆದಾರರಿಗೆ ಗಂಡಿ ಯಾವುದು, ಇಲಿಬಿಲ ಯಾವುದು ಗೊತ್ತೇನಣ್ಣ? ತೋರಿಸಿದ್ದು ನೀನು ತಾನೆ?"

ನೀರುಗಂಟಿ ಗುದ್ದಲಿಯ ಮಣ್ಣು ಕೆರೆಯುತ್ತಾ ನಿಂತ. ಐದನೆಯ ಗದ್ದೆಯವನು ನೇರ ಠಾಣೆಗೆ ಹೋಗಿ ಕೈಮುಗಿದ. ಒಂದು ಗದ್ದೆ ಒಣಗಿಸಿದರೆ ಹತ್ತು ಗದ್ದೆ ಒಣಗುತ್ತವೆ ಎನ್ನುವುದು ಠಾಣೆದಾರನಿಗೆ ಗೊತ್ತಾದದ್ದೇ ಆಗ. ಅಪ್ಪಣೆ ಹಿಂತೆಗೆದುಕೊಂಡರೆ ಗುಡ್ಡದ ಮೇಲೆ ತನ್ನ ಕುದುರೆಯ ಬೆನ್ನ ಮೇಲೆ ಕೂತು ಆ ಕಳ್ಳ ನಕ್ಕಾನು. ಹಾಗೆಂದುಕೊಂಡು, "ನೀನೇ ಹೋಗಿ ಅವನಿಗೆ ಬುದ್ಧಿ ಹೇಳು. ಅವನು ಇಳಿದು ಬಂದ ಗಳಿಗೆಗೆ ನೀರು ಬಿಡಿಸುತ್ತೇನೆ" ಎಂದ.

ಆ ಸಾಧು ಹೋದ. ಗುಡ್ಡ ಹತ್ತಿ, ಜಗಳಗಂಟನ ಕೈಲಿ ಬೈಸಿಕೊಂಡು, ಬರಿಗೈಯಲ್ಲಿ ಇಳಿದ. ಗುಡ್ಡದ ಬುಡದಲ್ಲಿ ಸಿಪಾಯಿಗಳು ಕಾಯುತ್ತಿದ್ದರು. ಗುಡ್ಡಕ್ಕೆ ಹೋಗಿಬರುವವರನ್ನು ಹಿಡಿಯಿರಿ ಎಂದು ಅವರಿಗೂ ಅದೇ ಠಾಣೆದಾರನ ಅಪ್ಪಣೆ. ಒಂದು ಕೈ ಕಳಿಸಿದ್ದು ಇನ್ನೊಂದು ಕೈಗೆ ತಿಳಿದಿರಲಿಲ್ಲ. "ನಿಮ್ಮ ಧಣಿಯೇ ಕಳಿಸಿದ್ದು" ಎಂದರೆ "ಎಲ್ಲರೂ ಹಾಗೇ ಅಂತಾರೆ" ಎಂದು ಕಟ್ಟಿಹಾಕಿ ಹೊಡೆದರು. ಮಾರನೆಯ ದಿನ ಠಾಣೆದಾರ ಬಿಡಿಸಿದ. ಬಿಟ್ಟ ಮೇಲೆ ಅವನು ಮನೆಗೆ ಹೋಗಿ ಉಂಡು, ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬಂದ ದಾರಿಯಲ್ಲೇ ಗುಡ್ಡ ಹತ್ತಿದ. ಈ ಸಲ ಇಳಿಯಲಿಲ್ಲ. ಮೂರಿದ್ದವರು ಆರಾದರು.

ಆರನೆಯ ಗದ್ದೆಯವನು ಒಂದು ಮಧ್ಯಾಹ್ನ, ನೀರುಗಂಟಿ ಉಣ್ಣಲು ಹೋದ ಹೊತ್ತಿನಲ್ಲಿ, ತಾನೇ ಕೈ ಹಾಕಿ ಮುಚ್ಚಿದ್ದ ಆ ಗಂಡಿ ತೆಗೆದ. ಯಾರ ಮುತ್ತಜ್ಜನ ಕಾಲದಿಂದಲೋ ಒಂದು ಕಾವಲೂ ಇಲ್ಲದೆ ನಡೆದುಬಂದ ಕಟ್ಟಳೆ ಅಂದು ಮುರಿಯಿತು. ಬೈಯಲು ಓಡಿಬಂದ ನೀರುಗಂಟಿ ಗುದ್ದಲಿ ಕೆಳಗಿಟ್ಟ. ನ್ಯಾಯಕ್ಕಾಗಿ ಮಾತ್ರ ಮುಟ್ಟುತ್ತಿದ್ದ ಕೈ ಎಂದು ತಾನೇ ಊರು ಇವನ ಕೈಯೊಂದಕ್ಕೇ ಬಿಟ್ಟಿದ್ದದ್ದು? ಇವನೇ ಬೇರೆ ಕಾರಣಕ್ಕೆ ಮುಟ್ಟಿದ ಮೇಲೆ ಯಾರ ಕೈಯಾದರೇನು?

ಆಮೇಲೆ ಎಲ್ಲ ಗಂಡಿಗೂ ಎಲ್ಲರ ಕೈ. ಕೆಳಗಿನವನು ತೆಗೆದರೆ ಮೇಲಿನವನು ಮುಚ್ಚುವುದು, ಬದುವಿನ ಮೇಲೆ ಹೊಡೆದಾಟ. ಠಾಣೆದಾರ ಗಂಡಿಗೆ ಇಬ್ಬರಂತೆ ಸಿಪಾಯಿಗಳನ್ನು ನಿಲ್ಲಿಸಬೇಕಾಯಿತು. ನಿಂತವರಿಗೆ ಹಸಿವಾಗುತ್ತದೆ. ಹಸಿದವರು ಮನೆಗಳಿಗೆ ನುಗ್ಗಿ ಕೋಳಿ ಹಿಡಿದರು. ಕೋಳಿ ಬಿಡಿಸಿಕೊಳ್ಳಲು ಬಂದ ಮುದುಕಿಯನ್ನು ತಳ್ಳಿದರು. ಆ ಮುದುಕಿಯ ಮಕ್ಕಳು ಗುಡ್ಡ ಹತ್ತಿದರು. ಸಿಪಾಯಿಗಳು ಒಬ್ಬನನ್ನು ಹಿಡಿದು ಏರಿಯ ಮೇಲಿನ ಮರಕ್ಕೆ ನೇಣು ಹಾಕಿದರು. ಅವನು ನಾಲ್ಕು ಮನೆಗೆ ನೆಂಟ. ನಾಲ್ಕು ಮನೆಯಿಂದ ನಾಲ್ವರು ಹೋದರು. ನೀನು ಕೇಳಿದ ಲೆಕ್ಕ ಇದೇ ಹಂಪಯ್ಯ. ಕಳೆಯುವವನು ತಲೆ ಎಣಿಸುತ್ತಾನೆ, ಕೂಡುವುದು ನೆಂಟಸ್ತನ.

ಗುಡ್ಡದವರೇನು ದೇವರಂಥವರು ಎಂದುಕೊಳ್ಳಬೇಡ. ಮೊದಲ ವಾರ ಸಿಪಾಯಿಗಳಿಗೆ ದಾರಿ ತೋರಿಸಿದ್ದನಲ್ಲ ಕುರಿಗಾಹಿ, ಒಂದು ಮುಂಜಾನೆ ಇಳಿದು ಬಂದು ಅವನ ಹಟ್ಟಿಗೆ ಬೆಂಕಿ ಇಟ್ಟರು. ಕುರಿಗಳು ಕೂಗಿದ್ದು ಊರಿಗೆಲ್ಲ ಕೇಳಿಸಿತು. ನೀರುಗಂಟಿಗೂ ಕೇಳಿಸಿತು. ಯಾರೂ ಕದ ತೆಗೆಯಲಿಲ್ಲ. ಠಾಣೆಯಿಂದಲೂ ಯಾರೂ ಬರಲಿಲ್ಲ. ಅಂದಿನಿಂದ ಊರಿನವರು ಯಾರು ಏನು ಕೇಳಿದರೂ "ನಮಗೆ ಗೊತ್ತಿಲ್ಲ" ಎನ್ನುವುದನ್ನು ರೂಢಿ ಮಾಡಿಕೊಂಡರು. ಠಾಣೆದಾರ ಅದನ್ನು ಗುಡ್ಡದವರ ಮೇಲಿನ ಪ್ರೀತಿ ಎಂದು ತಿಳಿದ. ಗುಡ್ಡದವರೂ ಹಾಗೆಯೇ ತಿಳಿದರು.

ಪೈರು ಒಣಗಿತು. ನೀರುಗಂಟಿ ಮಗಳ ಮನೆಗೆ ಹೋಗುವುದನ್ನು ಬಿಟ್ಟಿದ್ದ. ಒಂದು ದಿನ ಅಳಿಯನೇ ಕರೆದು ಕೂರಿಸಿದ. ಮಗಳು ಬಡಿಸಿದಳು. ಬಿಸಿ ಅನ್ನ, ತಿಳಿಸಾರು. ಎರಡು ತುತ್ತು ಉಂಡ ಮೇಲೆ ಅವನಿಗೆ ಹೊಳೆಯಿತು, ಈ ಮನೆಯಲ್ಲಿ ಅಕ್ಕಿ ಎಲ್ಲಿಂದ ಬಂತು? ಬಿತ್ತನೆಗೆ ಇಟ್ಟ ಭತ್ತ ಕುಟ್ಟಿದ್ದರು. ಎಲೆಯ ಮುಂದೆ ತಲೆ ಎತ್ತಲಿಲ್ಲ, ಅನ್ನ ಬಿಡಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಅಳಿಯ ತಾನೇ ಇನ್ನೊಂದು ಸೌಟು ಸಾರು ಬಡಿಸಿದ. ಬೈದಿದ್ದರೆ ಎಷ್ಟೋ ಸುಖವಿತ್ತು. ಮಾರನೆಯ ದಿನ ಅಳಿಯನೂ ಗುಡ್ಡದಲ್ಲಿದ್ದ.

ವರ್ಷ ತಿರುಗಿತು. ಮಳೆ ಬಂತು, ಕೆರೆ ತುಂಬಿತು. ಗಂಡಸರಿಲ್ಲದ ಮನೆಗಳಲ್ಲಿ ಹೆಂಗಸರೇ ಅಲ್ಲಿ ಇಲ್ಲಿ ಬೀಜ ತಂದು ನಾಟಿ ಮಾಡಿದರು. ದೊರೆಗೂ ಸಾಕಾಗಿತ್ತು. ಠಾಣೆದಾರ ಅರ್ಧ ಆಗಿದ್ದ. ಎಲ್ಲರ ತಪ್ಪೂ ಮಾಫಿ, ಎಲ್ಲ ಗದ್ದೆಗೂ ನೀರು, ಇಳಿದು ಬನ್ನಿ ಎಂದು ಅಪ್ಪಣೆಯಾಯಿತು. ಒಳ್ಳೆಯ ಅಪ್ಪಣೆ. ಹೇಳಲು ಹೋಗುವವರು ಯಾರು?

"ನೀನೇ ಹೋಗಯ್ಯ" ಎಂದ ಠಾಣೆದಾರ ನೀರುಗಂಟಿಗೆ. "ಮೂವತ್ತು ವರ್ಷ ನಿನ್ನ ಕೈ ನಂಬಿದವರು. ನಿನ್ನ ಮಾತು ನಂಬುತ್ತಾರೆ."

ನೀರುಗಂಟಿ ಗುಡ್ಡ ಹತ್ತಿದ. ಅವರು ಅರವತ್ತು ಜನ ಇದ್ದರು. ಎಲ್ಲರೂ ಗುರುತಿನ ಮುಖ. ಕಲ್ಲಿನ ಮೇಲೆ ಕೂರಿಸಿ, ಕುಡಿಯಲು ಮಜ್ಜಿಗೆ ಕೊಟ್ಟರು. ಜಗಳಗಂಟನ ಗಡ್ಡ ನೆರೆತಿತ್ತು. ಅವನು ಎಲ್ಲ ಕೇಳಿಸಿಕೊಂಡು ಹೇಳಿದ:

"ನನ್ನದು ಒಂದು ಕುದುರೆಯ ಜಗಳ. ಅಗೋ ಅಲ್ಲಿ ಕಟ್ಟಿದೆ, ಬೇಕಾದರೆ ಹಿಡಕೊಂಡು ಹೋಗು. ನನಗೂ ಕೀಲು ನೋವು, ಇಳಿದು ಬರೋಕೆ ಆಸೆ. ಆದರೆ ಇವರ್ಯಾರೂ ನನ್ನ ಕುದುರೆಗಾಗಿ ಬಂದವರಲ್ಲ. ನಾನು ಇಳೀತೀನಿ ಅಂದರೆ ಮೊದಲು ನನ್ನನ್ನೇ ಕೊಲ್ತಾರೆ. ಇವರನ್ನು ಕೇಳು."

ಯಾರನ್ನು ಕೇಳುವುದು? ಒಬ್ಬನದು ಬೆನ್ನ ಮೇಲಿನ ಬಾಸುಂಡೆ, ಒಬ್ಬನದು ತಾಯಿ, ಒಬ್ಬನದು ಏರಿಯ ಮೇಲಿನ ಮರ. ಕುದುರೆಯನ್ನಾದರೆ ಹಿಂದಿರುಗಿಸಬಹುದು.

ಅಳಿಯ ಮುಂದೆ ಬಂದ. "ಮಾವ, ನೀರು ಬಿಡ್ತಾರೆ ಅಂತೀರಿ. ಬಿಡೋರು ಯಾರು, ನೀವೇನಾ?"

"ನಾನೇ ಕಣಪ್ಪ."

"ನಾಳೆ ಅವರು ಮುಚ್ಚು ಅಂದರೆ?"

ನೀರುಗಂಟಿ ಮಜ್ಜಿಗೆಯ ಚೊಂಬು ಕೆಳಗಿಟ್ಟ. ಆಗ ಜಗಳಗಂಟ ಗಡ್ಡ ಕೆರೆದುಕೊಳ್ಳುತ್ತಾ, "ನಾನು ಕೊಟ್ಟ ಜೊಳ್ಳಿನ ಕಂತೆಗೆ ದೊಡ್ಡ ಬೆಲೆಯನ್ನೇ ವಸೂಲು ಮಾಡಿದೆಯಲ್ಲೋ ಮಾರಾಯ" ಎಂದ. ಎಲ್ಲರೂ ನಕ್ಕರು. ಅಭ್ಯಾಸಬಲದಿಂದ ನೀರುಗಂಟಿಯ ತುಟಿಯ ಮೇಲೂ ನಗು ಬಂತು. ತಾನು ನಗುತ್ತಿದ್ದೇನೆ ಎಂದು ತಿಳಿದಾಗ ಅವನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆ ಒಳಗಿನ ಸೇಡು ಜಗಳಗಂಟನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಮೂವತ್ತು ವರ್ಷದ ನೆಟ್ಟಗಿನ ಬೆನ್ನು ಒಂದು ಕಂತೆ ಜೊಳ್ಳಿಗೆ ಬಗ್ಗಿತ್ತು.

ಕೆಳಗೆ ಠಾಣೆದಾರ ಜಗಲಿಯಿಂದ ಇಳಿದು ಅಂಗಳಕ್ಕೇ ಬಂದು ನಿಂತಿದ್ದ. "ಏನಂದರು? ಬರುತ್ತಾರೇನು?"

ಆ ಮುಖದಲ್ಲಿ ಆಸೆ ಇತ್ತು. ಆಸೆಯ ಮುಖಕ್ಕೆ ಇಲ್ಲ ಎನ್ನುವುದನ್ನು ನೀರುಗಂಟಿ ಕಲಿತಿರಲಿಲ್ಲ.

"ಬರ್ತಾರೆ ಬುದ್ಧೀ" ಎಂದ. ಅಂದು ಜಗಲಿಯ ಮೇಲೆ ಅಂದ ಹಾಗೆಯೇ, ಎರಡನೆಯ ಸಲವೂ ಹೌದು ಎಂದ.

ಮಾರನೆಯ ಬೆಳಿಗ್ಗೆ ತೂಬು ಎತ್ತಿದರು. ನೀರುಗಂಟಿ ಗುದ್ದಲಿ ಹಿಡಿದು ನೀರಿನ ಜೊತೆ ನಡೆದ. ಒಂದೊಂದೇ ಗಂಡಿ ತೆಗೆಯುತ್ತಾ ಬಂದ. ಬದುವಿನ ಮೇಲೆ ಒಬ್ಬರೂ ಇರಲಿಲ್ಲ. ಗುಡ್ಡದಿಂದ ಮಾತು ಮೊದಲೇ ಬಂದಿತ್ತು, ಠಾಣೆಯ ನೀರು ಮುಟ್ಟಿದವರಿಗೆ ಕುರಿಗಾಹಿಯ ಗತಿ ಎಂದು. ಒಮ್ಮೆ ನೀರು ನಿಲ್ಲಿಸಿದ್ದರಿಂದ ಗುಡ್ಡ ಬೆಳೆದಿತ್ತು. ಈಗ ಗದ್ದೆಗಳು ಒಣಗಿರುವುದು ಗುಡ್ಡಕ್ಕೂ ಬೇಕಾಗಿತ್ತು. ಹಸಿರಾದ ಊರಿನಿಂದ ಯಾರು ಗುಡ್ಡ ಹತ್ತುತ್ತಾರೆ? ಪ್ರತಿಯೊಂದು ಗದ್ದೆಯಲ್ಲೂ ಯಾರೋ ಮುಂಚೆಯೇ ಪಕ್ಕದಲ್ಲಿ ಹರಿಯುವ ಹಳ್ಳದ ಕಡೆಯ ಬದು ಕಡಿದಿಟ್ಟಿದ್ದರು. ಪೈರಿನ ಬುಡ ನೆನೆಯುವ ಮೊದಲೇ ನೀರು ಹಳ್ಳಕ್ಕೆ ಜಾರುತ್ತಿತ್ತು. ಕೊನೆಗದ್ದೆಯ ಹತ್ತಿರಕ್ಕೆ ಬಂದದ್ದು ಕಿರುಬೆರಳಿನ ಗಾತ್ರದ ನೀರು.

ಅಲ್ಲಿ ಅವನ ಮಗಳಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗೈಯಲ್ಲಿ ಮಣ್ಣು ಬಾಚಿ ತನ್ನ ಗಂಡಿಗೆ ತುಂಬುತ್ತಿದ್ದಳು. ಅವಳ ಹಿಂದೆ, ಅವಳೇ ನೆಟ್ಟ ಸಸಿ ಹಳದಿಯಾಗಿ ನಿಂತಿತ್ತು.

"ಏನವ್ವಾ ಇದು?"

ಅವಳು ತಲೆ ಎತ್ತಲಿಲ್ಲ. "ನೀರು ಬಿಟ್ಟುಕೊಂಡರೆ ಅವರು ಸುಡ್ತಾರೆ. ಬಿಟ್ಟುಕೊಳ್ಳದಿದ್ದರೆ ಇವರು ಹೊಡೀತಾರೆ. ಹೊಡೆತ ತಡೀಬಹುದು ಅಪ್ಪಾ."

ಅವಳು ಹಾಕಿದ ಮಣ್ಣು ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಕರಗುತ್ತಿತ್ತು. ನೀರುಗಂಟಿ ಸ್ವಲ್ಪ ಹೊತ್ತು ನೋಡಿದ. ದೂರದ ಏರಿಯ ಮೇಲೆ ಠಾಣೆದಾರ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ಇತ್ತಲೇ ನೋಡುತ್ತಿದ್ದ.

"ಅತ್ಲಾಗೆ ಸರಿಯವ್ವಾ" ಎಂದ ನೀರುಗಂಟಿ. "ಹಾಗೆ ಕಟ್ಟಿದರೆ ನಿಲ್ಲೋದಿಲ್ಲ."

ಬಗ್ಗಿದ. ಮಗಳ ಗದ್ದೆಗೆ ಬರುತ್ತಿದ್ದ ಆ ಕಿರುಬೆರಳಿನ ನೀರಿಗೆ ಅಡ್ಡವಾಗಿ ಎರಡು ಗುದ್ದಲಿ ಮಣ್ಣು ಹಾಕಿದ. ಹುಲ್ಲುಗರಿಕೆಯ ಹೆಂಟೆ ತಂದು ಮೇಲಿಟ್ಟ. ಎಡಗಾಲಿನಿಂದ ಒಮ್ಮೆ, ಬಲಗಾಲಿನಿಂದ ಒಮ್ಮೆ ತುಳಿದ. ಒಂದು ತೊಟ್ಟೂ ಒಳಗೆ ಹೋಗದ ಹಾಗೆ, ಅಚ್ಚುಕಟ್ಟಾಗಿ ಮುಚ್ಚಿದ.

ನಿರ್ವಾಣಯ್ಯನವರು ಕತೆ ನಿಲ್ಲಿಸಿದರು. ಅವರೆಕಾಯಿ ಮುಗಿದಿತ್ತು. ಅವರು ಸಿಪ್ಪೆಯನ್ನು ಗುಡ್ಡೆ ಮಾಡತೊಡಗಿದರು.

ಹಂಪಯ್ಯ ನೆಲಕ್ಕೆ ಬಿದ್ದಿದ್ದ ನಾಲ್ಕು ಸಿಪ್ಪೆ ಆರಿಸಿ ಗುಡ್ಡೆಗೆ ಸೇರಿಸಿದ. ಠಾಣೆದಾರನದು ತಪ್ಪೇ ಎಂದು ಕೇಳಬೇಕೆಂದುಕೊಂಡ, ಕೇಳಲಿಲ್ಲ. ಸಿಪಾಯಿಗಳದು ತಪ್ಪೇ ಎಂದು ಕೇಳಬೇಕೆಂದುಕೊಂಡ, ಅದನ್ನೂ ಕೇಳಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದ: "ಮೊದಲ ದಿನ, ಆ ಜಗಲಿಯ ಮೇಲೆ, ನೀರುಗಂಟಿ ಏನು ಹೇಳಬೇಕಾಗಿತ್ತು ಗುರುಗಳೇ?"

"ನಿನ್ನ ದೊರೆ ನಿನ್ನ ಮುಖ ನೋಡಿದಾಗ ನೀನು ಹೇಳದೆ ಬಿಟ್ಟದ್ದನ್ನು."